ನಿದ್ದೆಯಿಂದೇಳದ ಟ್ಯಾಬ್ಲೆಟ್

ಪರದೆ ಆರಿಸಿ ಬದಿಗಿಟ್ಟ ಟ್ಯಾಬ್ಲೆಟ್ ಕಂಪ್ಯೂಟರನ್ನು ಮತ್ತೆ ಕೈಗೆತ್ತಿಕೊಂಡು ಪವರ್ ಬಟನ್ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿಯುವುದು, ಬೆಳಕು ಬಂದರೂ ಬೆರಳಿಗೆ ಸ್ಪಂದಿಸದೆ ಹೋಗುವುದು, ಅಥವಾ ತಯಾರಕರ ಲಾಂಛನ ಮೂಡಿ ಯಂತ್ರ ಮೊದಲಿನಿಂದ ಆರಂಭವಾಗುವುದು, ಈ ಮೂರೂ ಒಂದೇ ಬಗೆಯ ಕೆಡುಕಿನ ಬೇರೆ ಬೇರೆ ಮುಖಗಳೆಂದು ಬಳಕೆದಾರರಿಗೆ ತೋರುತ್ತವೆ. ಉಳಿಸದೆ ಬಿಟ್ಟಿದ್ದ ಟಿಪ್ಪಣಿ, ಅರ್ಧ ತುಂಬಿದ ಅರ್ಜಿ, ಬಿಡಿಸುತ್ತಿದ್ದ ಚಿತ್ರ ಎಲ್ಲವೂ ಅದರೊಂದಿಗೆ ಹೋಗುತ್ತವೆ. ಯಂತ್ರ ಕೆಲಸ ಮಾಡುತ್ತಿರುವಾಗ ಕೆಟ್ಟರೆ, ಕೆಟ್ಟದ್ದು ಏನೆಂಬುದನ್ನು ಅದು ತನ್ನ ಸಂಗ್ರಹದಲ್ಲಿ ಬರೆದಿಡಬಲ್ಲದು, ಪರದೆಯ ಮೇಲೆ ತೋರಿಸಬಲ್ಲದು. ಏಳುವ ಕ್ಷಣದಲ್ಲಿ ಕೆಟ್ಟರೆ ಬರೆಯಬೇಕಾದ ಸಂಗ್ರಹವೂ ತೋರಿಸಬೇಕಾದ ಪರದೆಯೂ ಇನ್ನೂ ಎದ್ದಿರುವುದಿಲ್ಲ. ಘಟನೆ ನಡೆದಾಗ ಸಾಕ್ಷಿಗಳೆಲ್ಲರೂ ಮಲಗಿರುವ ಪ್ರಕರಣ ಇದು. ಆದ್ದರಿಂದ ಇಂತಹ ದೋಷದ ಪತ್ತೆಯೆಂದರೆ, ಆ ಹೊತ್ತಿನಲ್ಲಿ ಯಂತ್ರದೊಳಗೆ ಎಚ್ಚರವಿದ್ದದ್ದು ಯಾವುದು ಎಂದು ಹುಡುಕಿ ಅದರಿಂದ ಹೇಳಿಕೆ ಪಡೆಯುವುದೇ ಆಗಿದೆ.

‘ನಿದ್ದೆ’ ಎಂಬ ಮಾತಿನ ತಾಂತ್ರಿಕ ಅರ್ಥವನ್ನು ಮೊದಲು ಬಿಡಿಸಿಕೊಳ್ಳಬೇಕು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಪಿಎಂ ಎಂಬ ವ್ಯವಸ್ಥೆಯಲ್ಲಿ ಯಂತ್ರವನ್ನು ಮಲಗಿಸುವ ಎಬ್ಬಿಸುವ ಕೆಲಸದ ಬಹುಪಾಲು ಫರ್ಮ್‌ವೇರಿನದಾಗಿತ್ತು. ಫರ್ಮ್‌ವೇರ್ ಎಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ನೆಲೆಸಿದ್ದು, ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣ ವ್ಯವಸ್ಥೆಗಿಂತ ಮೊದಲೇ ಕೆಲಸ ಆರಂಭಿಸುವ ಮೂಲ ತಂತ್ರಾಂಶ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ಎಂಬ ಮಾನಕ ಈ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಯ ಕೈಗೆ ಕೊಟ್ಟಿತು ಮತ್ತು ನಿದ್ದೆಯ ಆಳವನ್ನು ಎಸ್‌0ಯಿಂದ ಎಸ್‌5ರವರೆಗೆ ಮೆಟ್ಟಿಲುಗಳಾಗಿ ಹೆಸರಿಸಿತು. ಎಸ್‌0 ಎಂದರೆ ಪೂರ್ಣ ಎಚ್ಚರ, ಎಸ್‌5 ಎಂದರೆ ಸ್ವಿಚ್ ಆರಿಸಿದ ಸ್ಥಿತಿ. ಎಸ್‌4ರಲ್ಲಿ ಮೆಮೊರಿಯಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆರುತ್ತದೆ, ಇದನ್ನು ಹೈಬರ್ನೇಷನ್ ಎನ್ನುತ್ತಾರೆ. ನಡುವಿನ ಎಸ್‌3ರಲ್ಲಿ ಪ್ರೊಸೆಸರ್ ಮತ್ತು ಬಹುತೇಕ ಉಪಕರಣಗಳಿಗೆ ವಿದ್ಯುತ್ ನಿಲ್ಲುತ್ತದೆ, ಮೆಮೊರಿಗೆ ಮಾತ್ರ ಸಣ್ಣ ಹರಿವು ಉಳಿಯುತ್ತದೆ. ಆ ಹರಿವು ಏಕೆ ಬೇಕೆಂದರೆ, ಮೆಮೊರಿಯ ಪ್ರತಿ ಕಣವೂ ವಿದ್ಯುತ್ ತುಂಬಿದ ಒಂದು ಪುಟ್ಟ ಸೋರುವ ಬಿಂದಿಗೆಯಂತಿದ್ದು, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬದಿದ್ದರೆ ಅದರೊಳಗಿನ ಅಂಕಿ ಅಳಿಸಿಹೋಗುತ್ತದೆ. ಯಂತ್ರ ಮಲಗಿರುವಾಗ ಮೆಮೊರಿ ಚಿಪ್ಪು ಈ ತುಂಬುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಎಸ್‌3ರಿಂದ ಏಳುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಎಡವಲು ಎಷ್ಟು ಎಡೆಗಳಿವೆ ಎಂಬುದು ತಿಳಿಯುತ್ತದೆ. ಬಟನ್ ಒತ್ತಿದ ಸಂಕೇತ ಮೊದಲು ತಲುಪುವುದು ವಿದ್ಯುತ್ ನಿರ್ವಹಣೆಯ ಚಿಪ್ಪಿಗೆ. ಅದು ಒಂದೊಂದೇ ವಿದ್ಯುತ್ ಸಾಲನ್ನು ನಿಗದಿತ ಕ್ರಮದಲ್ಲಿ ಎಬ್ಬಿಸುತ್ತದೆ. ಪ್ರೊಸೆಸರಿಗೆ ತಾನು ಮಲಗಿದ್ದೆನೆಂಬ ನೆನಪೇ ಇರುವುದಿಲ್ಲವಾದ್ದರಿಂದ ಅದು ಹೊಸದಾಗಿ ಸ್ವಿಚ್ ಹಾಕಿದಾಗ ಓದುವ ಮೊದಲ ಆದೇಶವನ್ನೇ ಓದುತ್ತದೆ. ಇದು ಹೊಸ ಆರಂಭವಲ್ಲ, ನಿದ್ದೆಯಿಂದ ಏಳುವಿಕೆ ಎಂಬುದನ್ನು ಫರ್ಮ್‌ವೇರ್ ಗುರುತಿಸಿ, ಮೆಮೊರಿಯನ್ನು ಅಳಿಸದೆ ಅದರ ಸ್ವಯಂಪೋಷಣೆಯಿಂದ ಹೊರತಂದು, ಕಾರ್ಯಾಚರಣ ವ್ಯವಸ್ಥೆ ಮಲಗುವ ಮೊದಲು ಬಿಟ್ಟುಹೋಗಿದ್ದ ವಿಳಾಸಕ್ಕೆ ನಿಯಂತ್ರಣ ಒಪ್ಪಿಸಬೇಕು. ಅಲ್ಲಿಂದ ಮುಂದೆ ಉಳಿದ ಪ್ರೊಸೆಸರ್ ಕೋರ್‌ಗಳು ಏಳಬೇಕು, ಬಳಿಕ ಉಪಕರಣಗಳು, ಅವೂ ತಾಯಿ ಮೊದಲು ಮಗು ಆಮೇಲೆ ಎಂಬ ಕ್ರಮದಲ್ಲಿ, ಅಂದರೆ ದತ್ತಾಂಶ ಸಾಗುವ ಬಸ್ ಎದ್ದ ನಂತರವೇ ಅದಕ್ಕೆ ಅಂಟಿಕೊಂಡ ಟಚ್‌ಸ್ಕ್ರೀನ್ ಏಳಬೇಕು. ಕೊನೆಯಲ್ಲಿ, ಮಲಗುವಾಗ ಹೆಪ್ಪುಗಟ್ಟಿಸಿದ್ದ ಆ್ಯಪ್‌ಗಳನ್ನು ಕರಗಿಸಿ ಬಿಡಬೇಕು. ಇದೆಲ್ಲ ಮುಗಿದಾಗ ಬಳಕೆದಾರರ ಕಣ್ಣಿಗೆ ಕಳೆದದ್ದು ಒಂದೆರಡು ಸೆಕೆಂಡು ಮಾತ್ರ.

ಟ್ಯಾಬ್ಲೆಟ್‌ಗಳು ಈ ಚಿತ್ರವನ್ನು ಮತ್ತಷ್ಟು ಜಟಿಲಗೊಳಿಸಿದವು. ಮೊಬೈಲ್ ಫೋನಿನಂತೆ ಪರದೆ ಆರಿದ್ದರೂ ಸಂದೇಶ ಬರುತ್ತಿರಬೇಕು, ಬಟನ್ ಒತ್ತಿದೊಡನೆ ಪರದೆ ಬೆಳಗಬೇಕು ಎಂಬ ನಿರೀಕ್ಷೆಗೆ ಎಸ್‌3 ಒಗ್ಗಲಿಲ್ಲ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಕನೆಕ್ಟೆಡ್ ಸ್ಟ್ಯಾಂಡ್‌ಬೈ, 2015ರಲ್ಲಿ ವಿಂಡೋಸ್ 10ರೊಂದಿಗೆ ಅದರ ಮುಂದುವರಿಕೆಯಾಗಿ ಬಂದ ಮಾಡರ್ನ್ ಸ್ಟ್ಯಾಂಡ್‌ಬೈ ಇವುಗಳಲ್ಲಿ ಯಂತ್ರ ಲೆಕ್ಕಕ್ಕೆ ಎಸ್‌0ಯಲ್ಲೇ, ಅಂದರೆ ಎಚ್ಚರದಲ್ಲೇ ಇರುತ್ತದೆ, ಆದರೆ ಅದರ ಒಂದೊಂದು ಅಂಗವೂ ಕೆಲಸವಿಲ್ಲದಾಗ ತಂತಾನೇ ಆಳಕ್ಕೆ ಇಳಿಯುತ್ತದೆ. ಎಸ್‌3 ಗಾಢನಿದ್ದೆಯಾದರೆ ಇದು ಕೋಳಿನಿದ್ದೆ. ಗಾಢನಿದ್ದೆಯಲ್ಲಿ, ಮಲಗಿಸುವ ಅಧಿಕಾರ ಕಾರ್ಯಾಚರಣ ವ್ಯವಸ್ಥೆಯದಾದರೂ, ಎಬ್ಬಿಸುವ ಹೊಣೆಯ ದೊಡ್ಡ ಪಾಲು ಫರ್ಮ್‌ವೇರಿನ ಮೇಲಿತ್ತು. ಕೋಳಿನಿದ್ದೆಯಲ್ಲಿ ಅದು ಪ್ರತಿ ಉಪಕರಣದ ಡ್ರೈವರಿಗೆ, ಎಂದರೆ ಆಯಾ ಉಪಕರಣವನ್ನು ನಡೆಸುವ ಸಣ್ಣ ತಂತ್ರಾಂಶಕ್ಕೆ, ಹಂಚಿಹೋಗಿದೆ. ವೈ-ಫೈ, ಕ್ಯಾಮೆರಾ, ಧ್ವನಿ, ಗ್ರಾಫಿಕ್ಸ್, ಇವುಗಳಲ್ಲಿ ಯಾವೊಂದರ ಡ್ರೈವರ್ ಮಲಗಲು ಒಪ್ಪದಿದ್ದರೂ ಚೀಲದೊಳಗಿಟ್ಟ ಟ್ಯಾಬ್ಲೆಟ್ ಬಿಸಿಯಾಗಿ ಬ್ಯಾಟರಿ ಇಳಿಯುತ್ತದೆ, ಏಳಲು ತಡಮಾಡಿದರೆ ಇಡೀ ಯಂತ್ರ ಅದಕ್ಕಾಗಿ ಕಾದು ನಿಲ್ಲುತ್ತದೆ.

ಇಷ್ಟು ತಿಳಿದ ಮೇಲೆ ಪತ್ತೆಯ ಮೊದಲ ಪ್ರಶ್ನೆ, ಯಂತ್ರ ನಿಜವಾಗಿ ಕೆಟ್ಟು ನಿಂತಿದೆಯೇ ಅಥವಾ ಕಣ್ಣಿಗೆ ಹಾಗೆ ಕಾಣುತ್ತಿದೆಯೇ ಎಂಬುದು. ಪರದೆ ಕಪ್ಪಾಗಿದ್ದ ಮಾತ್ರಕ್ಕೆ ಒಳಗಿನದು ನಿಂತಿದೆ ಎನ್ನಲಾಗದು. ಚಾರ್ಜರ್ ಚುಚ್ಚಿದಾಗ ಚಾರ್ಜಿಂಗಿನ ಸದ್ದು ಬರುವುದೇ, ಬೇರೆ ಫೋನಿನಿಂದ ಕರೆ ಅಥವಾ ಸಂದೇಶ ಕಳಿಸಿದಾಗ ಸದ್ದಾಗುವುದೇ, ಮನೆಯ ವೈ-ಫೈ ರೂಟರಿನ ಪಟ್ಟಿಯಲ್ಲಿ ಯಂತ್ರದ ಹೆಸರು ಇನ್ನೂ ಇದೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ತನಿಖೆಯ ವ್ಯಾಪ್ತಿ ಗ್ರಾಫಿಕ್ಸ್ ಮತ್ತು ಪರದೆಯ ಹಿಂಬೆಳಕಿಗೆ ಕುಗ್ಗುತ್ತದೆ. ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲಿ ಧ್ವನಿ ಏರಿಸುವ ಮತ್ತು ಇಳಿಸುವ ಎರಡೂ ಬಟನ್‌ಗಳನ್ನು ಒಟ್ಟಿಗೆ, ಎರಡು ಸೆಕೆಂಡಿನೊಳಗೆ ಮೂರು ಬಾರಿ ಒತ್ತಿದರೆ ಪರದೆಯನ್ನು ಎಬ್ಬಿಸುವ ಪ್ರಯತ್ನ ನಡೆಯುತ್ತದೆ. ಕೀಬೋರ್ಡ್ ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದೇ ಕೆಲಸವಾಗುತ್ತದೆ. ಇದರಿಂದ ಪರದೆ ಮರಳಿದರೆ ಉಳಿಸದ ಬರಹವೂ ಉಳಿಯುತ್ತದೆ, ದೋಷಿಯ ಸುಳಿವೂ ಸಿಗುತ್ತದೆ, ಆದ್ದರಿಂದ ಪವರ್ ಬಟನ್ ಅದುಮಿ ಹಿಡಿಯುವ ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು. ಮುಚ್ಚಳದ ಆಯಸ್ಕಾಂತವನ್ನೂ ಇಲ್ಲಿಯೇ ನೆನೆಯಬೇಕು. ಮಡಚುವ ಮುಚ್ಚಳವಿರುವ ಟ್ಯಾಬ್ಲೆಟ್‌ಗಳ ಅಂಚಿನಲ್ಲಿ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸಂವೇದಕ ಇರುತ್ತದೆ. ಮುಚ್ಚಳವನ್ನು ಹಿಂದಕ್ಕೆ ಮಡಚಿದಾಗ ಅದರ ಆಯಸ್ಕಾಂತ ಸಂವೇದಕದ ಬಳಿ ಬಂದರೆ ಎದ್ದ ಯಂತ್ರ ತಕ್ಷಣವೇ ಮತ್ತೆ ಮಲಗಿ ಸತ್ತಂತೆ ಕಾಣುತ್ತದೆ. ಮುಚ್ಚಳ ತೆಗೆದಿಟ್ಟು ಒಂದು ದಿನ ಬಳಸಿದರೆ ಈ ಸಂದೇಹ ಬಗೆಹರಿಯುತ್ತದೆ.

ಎರಡನೆಯ ಪ್ರಶ್ನೆ ನಿದ್ದೆಯ ಉದ್ದಕ್ಕೆ ಸಂಬಂಧಿಸಿದ್ದು. ಎರಡು ನಿಮಿಷ ಮಲಗಿದ ಯಂತ್ರ ಸರಿಯಾಗಿ ಏಳುತ್ತದೆ, ರಾತ್ರಿಯಿಡೀ ಮಲಗಿದ್ದು ಬೆಳಿಗ್ಗೆ ಏಳುವುದಿಲ್ಲ ಎಂದಾದರೆ ಅದು ದೊಡ್ಡ ಸುಳಿವು. ಹಲವು ವಿಂಡೋಸ್ ಟ್ಯಾಬ್ಲೆಟ್‌ಗಳು ಕೆಲ ಗಂಟೆಗಳ ಕೋಳಿನಿದ್ದೆಯ ಬಳಿಕ, ಅಥವಾ ಬ್ಯಾಟರಿ ಒಂದು ಮಿತಿಗಿಂತ ಹೆಚ್ಚು ಕರಗಿದ ಬಳಿಕ, ತಾವಾಗಿಯೇ ಹೈಬರ್ನೇಷನ್‌ಗೆ ಇಳಿಯುತ್ತವೆ. ಬಳಕೆದಾರರಿಗೆ ಎರಡೂ ನಿದ್ದೆ ಒಂದೇ ಆಗಿ ಕಂಡರೂ ಏಳುವ ದಾರಿಗಳು ಸಂಪೂರ್ಣ ಬೇರೆ. ಹೈಬರ್ನೇಷನ್ನನ್ನು ಕೆಲಕಾಲ ನಿಲ್ಲಿಸಿ ನೋಡಿದಾಗ ತೊಂದರೆ ಮಾಯವಾದರೆ ಎಸ್‌4ರ ದಾರಿಯಲ್ಲಿ, ಅಂದರೆ ಸಂಗ್ರಹದ ಚಿಪ್ಪು ಅಥವಾ ಫರ್ಮ್‌ವೇರಿನಲ್ಲಿ, ಹುಡುಕಬೇಕು. ಯಂತ್ರ ಯಾವ ಯಾವ ನಿದ್ದೆಗಳನ್ನು ಬಲ್ಲದು ಎಂಬುದನ್ನು ವಿಂಡೋಸ್‌ನ ‘ಪವರ್‌ಸಿಎಫ್‌ಜಿ’ ಎಂಬ ಆದೇಶ ಪಟ್ಟಿಮಾಡಿ ಹೇಳುತ್ತದೆ. ಅದರದೇ ‘ಸ್ಲೀಪ್ ಸ್ಟಡಿ’ ಎಂಬ ವರದಿ ಪ್ರತಿ ನಿದ್ದೆಯ ಅವಧಿ, ಇಳಿದ ಬ್ಯಾಟರಿ ಮತ್ತು ಆ ಅವಧಿಯ ಎಷ್ಟು ಪಾಲನ್ನು ಯಂತ್ರ ನಿಜಕ್ಕೂ ಆಳದ ಸ್ಥಿತಿಯಲ್ಲಿ ಕಳೆಯಿತೆಂಬ ಪ್ರಮಾಣವನ್ನು ಸಾಲುಸಾಲಾಗಿ ಕೊಡುತ್ತದೆ.

ತಂತ್ರಾಂಶವನ್ನು ಶಂಕಿಸುವ ಭರದಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದು ಬ್ಯಾಟರಿ. ಪೂರ್ಣ ತುಂಬಿದಾಗ ಸುಮಾರು 4.2 ವೋಲ್ಟ್, ಸರಾಸರಿಯಲ್ಲಿ 3.7 ವೋಲ್ಟ್ ಕೊಡುವ ಲಿಥಿಯಂ ಅಯಾನ್ ಕೋಶ ಹಳತಾದಂತೆ ಅದರ ಆಂತರಿಕ ರೋಧ ಏರುತ್ತದೆ. ಮಲಗಿರುವ ಟ್ಯಾಬ್ಲೆಟ್ ಕೆಲವೇ ಮಿಲಿಆಂಪಿಯರ್ ಎಳೆಯುತ್ತಿದ್ದು, ಏಳುವ ಕ್ಷಣದಲ್ಲಿ ಎಲ್ಲ ಕೋರ್‌ಗಳು, ಪರದೆಯ ಬೆಳಕು, ವೈ-ಫೈ ಒಟ್ಟಿಗೆ ಹೊತ್ತಿಕೊಳ್ಳುವುದರಿಂದ ಬೇಡಿಕೆ ಕಣ್ಣು ಮಿಟುಕಿಸುವುದರೊಳಗೆ ಆಂಪಿಯರ್‌ಗಳಿಗೆ ಜಿಗಿಯುತ್ತದೆ. ಉದಾಹರಣೆಗೆ ಒಟ್ಟು ರೋಧ 0.2 ಓಮ್ ಇದ್ದು ಬೇಡಿಕೆ 3 ಆಂಪಿಯರಿಗೆ ಏರಿದರೆ, ಓಮನ ನಿಯಮದ ಪ್ರಕಾರ 0.6 ವೋಲ್ಟ್ ಒಳಗೇ ಕಳೆದುಹೋಗಿ 3.7 ವೋಲ್ಟ್ ಇದ್ದದ್ದು 3.1ಕ್ಕೆ ಕುಸಿಯುತ್ತದೆ, ವಿದ್ಯುತ್ ನಿರ್ವಹಣೆಯ ಚಿಪ್ಪು ಇದನ್ನು ಅಪಾಯವೆಂದು ಬಗೆದು ಯಂತ್ರವನ್ನೇ ಆರಿಸಬಹುದು, ಆಗ ಪರದೆಯ ಮೇಲೆ ಬ್ಯಾಟರಿ 40 ಪ್ರತಿಶತ ಎಂದಿದ್ದದ್ದು ಯಾವ ಉಪಯೋಗಕ್ಕೂ ಬರುವುದಿಲ್ಲ. ಹಳೆಯ ಬ್ಯಾಟರಿ ಇಂತಹ ದಿಢೀರ್ ಬೇಡಿಕೆಯನ್ನು ತಾಳಲಾರದೆ ಯಂತ್ರ ಆರಿಹೋಗುತ್ತದೆ ಎಂಬುದನ್ನು ತಡೆಯಲೆಂದೇ ಕೆಲವು ಐಫೋನ್‌ಗಳ ವೇಗವನ್ನು ಮಿತಗೊಳಿಸಿರುವುದಾಗಿ ಆಪಲ್ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿತು; ಟ್ಯಾಬ್ಲೆಟ್‌ನೊಳಗಿನ ಕೋಶವೂ ಅದೇ ರಸಾಯನಕ್ಕೆ ಒಳಪಟ್ಟದ್ದು. ಪರೀಕ್ಷೆ ಸುಲಭ. ಚಾರ್ಜರ್ ಚುಚ್ಚಿಟ್ಟೇ ಮಲಗಿಸಿ ಎಬ್ಬಿಸಿದಾಗ ತೊಂದರೆ ಬಾರದೆ, ಚಾರ್ಜರ್ ತೆಗೆದೊಡನೆ ಬರುವುದಾದರೆ, ತಂತ್ರಾಂಶವನ್ನು ಮರುಸ್ಥಾಪಿಸುವ ಮೊದಲು ಬ್ಯಾಟರಿಯನ್ನು ಪರೀಕ್ಷಿಸಬೇಕು. ಬ್ಯಾಟರಿ ಬದಲಿಸಿದರೆ ಸಾಕಾಗಿದ್ದ ಯಂತ್ರದಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ತುಂಬಿಟ್ಟಿದ್ದ ಫೋಟೊ, ಬರಹಗಳನ್ನು ಕಳೆದುಕೊಂಡವರ ನಷ್ಟ ಮರಳಿ ಬರುವಂಥದ್ದಲ್ಲ. ಆದ್ದರಿಂದಲೇ ಈ ಪರೀಕ್ಷೆಯ ಬಗ್ಗೆ ಇಷ್ಟು ಒತ್ತಿ ಹೇಳಬೇಕಾಗಿದೆ.

ಉಳಿದ ಉಪಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸ ತಾಳ್ಮೆಯದು. ಮೈಕ್ರೊ ಎಸ್‌ಡಿ ಕಾರ್ಡಿಗೆ ನಿದ್ದೆಯಲ್ಲಿ ವಿದ್ಯುತ್ ನಿಂತರೆ, ಎದ್ದಾಗ ಅದು ಹೊಸದಾಗಿ ತೂರಿಸಿದ ಕಾರ್ಡಿನಂತೆ ಮತ್ತೆ ಪರಿಚಯ ಹೇಳಿಕೊಳ್ಳಬೇಕಾಗುತ್ತದೆ. ಅದರಲ್ಲಿ ಆ್ಯಪ್‌ಗಳನ್ನೇ ಇಟ್ಟಿದ್ದರೆ ಆ ಪರಿಚಯ ಮುಗಿಯುವ ಮೊದಲೇ ಅವು ದತ್ತಾಂಶ ಕೇಳಿ ಮುಗ್ಗರಿಸಬಹುದು. ಕಾರ್ಡ್ ತೆಗೆದು ನೋಡುವುದು, ಮಲಗಿಸುವ ಮೊದಲು ಏರೋಪ್ಲೇನ್ ಮೋಡ್ ಹಾಕಿ ವೈ-ಫೈ ಮತ್ತು ಬ್ಲೂಟೂತ್‌ಗಳನ್ನು ಆಟದಿಂದ ಹೊರಗಿಡುವುದು, ಕೀಬೋರ್ಡ್ ಕಳಚುವುದು, ಇವೆಲ್ಲ ಯಾರು ಬೇಕಾದರೂ ಮಾಡಬಹುದಾದವು. ಆದರೆ ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದಾಗ ತೊಂದರೆ ಹೋದರೆ ಹೋದದ್ದು ಯಾವುದರಿಂದ ಎಂಬುದು ತಿಳಿಯದೆ ಉಳಿಯುತ್ತದೆ.

ಇನ್ನು ಯಂತ್ರ ತಾನೇ ಬಿಟ್ಟ ದಾಖಲೆಗಳ ವಿಚಾರ. ವಿಂಡೋಸ್‌ನ ಘಟನಾ ದಾಖಲೆಯಲ್ಲಿ ‘ಕರ್ನಲ್ ಪವರ್ 41’ ಎಂಬ ನಮೂದನ್ನು ಕಂಡು ಅದನ್ನೇ ರೋಗದ ಹೆಸರೆಂದು ತಿಳಿಯುವವರು ಬಹಳ. ನಿಜವಾಗಿ ಅದು ಹೇಳುವುದು ಹಿಂದಿನ ಬಾರಿ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದನ್ನು ಮಾತ್ರ, ಮತ್ತು ಅದನ್ನು ಬರೆಯುವುದು ಕುಸಿದ ಹೊತ್ತಿನಲ್ಲಿ ಅಲ್ಲ, ಮುಂದಿನ ಆರಂಭದಲ್ಲಿ. ಆದರೂ ಆ ನಮೂದಿನ ಒಳಗಿನ ವಿವರಗಳಿಗೆ ಬೆಲೆಯಿದೆ: ದೋಷಸಂಕೇತದ ಜಾಗದಲ್ಲಿ ಸೊನ್ನೆ ಇದ್ದರೆ ನೀಲಿಪರದೆಯ ಕುಸಿತ ದಾಖಲಾಗಿಲ್ಲವೆಂದೂ, ವಿದ್ಯುತ್ ತಪ್ಪಿರಬೇಕು ಅಥವಾ ಯಂತ್ರ ಸ್ತಬ್ಧವಾಗಿರಬೇಕೆಂದೂ ಅರ್ಥ, ಬಟನ್ ಅದುಮಿದ ಸಮಯದ ಜಾಗದಲ್ಲಿ ಅಂಕಿ ಇದ್ದರೆ ಬಳಕೆದಾರರೇ ಬಲವಂತವಾಗಿ ಆರಿಸಿದರೆಂದು ಅರ್ಥ. ಸಂಕೇತದ ಜಾಗದಲ್ಲಿ ಹದಿನಾರರ ಎಣಿಕೆಯ ‘9ಎಫ್’ ಕಂಡರೆ, ಇದು ನಮೂದಿನಲ್ಲಿ ದಶಮಾನದ 159 ಎಂದೂ ಕಾಣಿಸಬಹುದು, ಯಾವುದೋ ಡ್ರೈವರ್ ತನಗೆ ಬಂದ ‘ಮಲಗು’ ಅಥವಾ ‘ಏಳು’ ಎಂಬ ಆಜ್ಞೆಗೆ ನಿಗದಿತ ಅವಧಿಯಲ್ಲಿ ಉತ್ತರ ಕೊಡಲಿಲ್ಲ ಎಂದು ತಿಳಿಯಬೇಕು. ಆಗ ವಿಂಡೋಸ್ ಕಡತಕೋಶದ ಮಿನಿಡಂಪ್ ಎಂಬ ಜಾಗದಲ್ಲಿ ಉಳಿದಿರುವ ಕುಸಿತದ ಚಿತ್ರವನ್ನು ಬಿಡಿಸಿ ಓದಿದರೆ ಆ ಡ್ರೈವರಿನ ಹೆಸರೂ ಸಿಗುವ ಸಂಭವ ಹೆಚ್ಚು. ಐಪ್ಯಾಡಿನಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದ ಅನಾಲಿಟಿಕ್ಸ್ ದಾಖಲೆಗಳ ನಡುವೆ ‘ಪ್ಯಾನಿಕ್ ಫುಲ್’ ಎಂದು ಆರಂಭವಾಗುವ ಕಡತಗಳು ಇದೇ ಬಗೆಯವು.

ಆಂಡ್ರಾಯ್ಡ್ ಮತ್ತು ಲಿನಕ್ಸ್ ಲೋಕದಲ್ಲಿ ಒಂದು ಜಾಣ ಉಪಾಯವಿದೆ. ಮೆಮೊರಿಯ ಒಂದು ಸಣ್ಣ ಪಟ್ಟಿಯನ್ನು ಯಾರೂ ಮುಟ್ಟದಂತೆ ಕಾದಿರಿಸಿ, ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಅಲ್ಲಿ ಬರೆಯುತ್ತ ಹೋಗುತ್ತದೆ. ಕುಸಿದ ಯಂತ್ರ ವಿದ್ಯುತ್ ಪೂರ್ತಿ ಕಡಿಯದೆ ಮರಳಿ ಆರಂಭವಾದರೆ ಆ ಪಟ್ಟಿ ಅಳಿಯದೆ ಉಳಿದಿರುತ್ತದೆ. ಆದರೆ ಮೆಮೊರಿಯೇ ಸರಿಯಾಗಿ ಏಳದ ಪ್ರಕರಣದಲ್ಲಿ ಇದೂ ನಿಷ್ಫಲ. ಪರದೆ, ಸಂಗ್ರಹ, ನೆಟ್‌ವರ್ಕ್ ಯಾವುದೂ ಎದ್ದಿಲ್ಲದ ಕುಸಿತಕ್ಕಾಗಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ 2006ರಲ್ಲಿ ಬರೆದ ಪುಟ್ಟ ಸಾಧನವೊಂದು ಈ ಇಡೀ ಕ್ಷೇತ್ರದ ಅತ್ಯಂತ ಸುಂದರ ಯೋಚನೆ ಎನ್ನಬಹುದು. ‘ಪಿಎಂ ಟ್ರೇಸ್’ ಎಂಬ ಅದರ ತರ್ಕ ಹೀಗಿದೆ: ಕಂಪ್ಯೂಟರಿನಲ್ಲಿ ಎಂದಿಗೂ ಮಲಗದ, ಯಂತ್ರ ಮರಳಿ ಆರಂಭವಾದರೂ ತನ್ನ ಅಂಕಿಯನ್ನು ಬಿಡದ ಒಂದು ವಸ್ತು ಇದೆ, ಅದು ದಿನಾಂಕ ಮತ್ತು ಸಮಯ ಕಾಯುವ ಗಡಿಯಾರದ ಚಿಪ್ಪು. ಆದ್ದರಿಂದ ಒಂದೊಂದು ಉಪಕರಣ ಏಳುವ ಮುನ್ನವೂ ಆ ಉಪಕರಣದ ಹೆಸರು ಮತ್ತು ಕರ್ನಲ್ ಕಾರ್ಯಕ್ರಮದಲ್ಲಿ ಆ ಹೊತ್ತು ನಡೆಯುತ್ತಿರುವ ಸಾಲು, ಇವೆರಡನ್ನೂ ಸಂಕ್ಷೇಪಿಸಿ ಒಂದು ಅಂಕಿಯಾಗಿಸಿ, ಆ ಅಂಕಿಯನ್ನು ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳ ವೇಷದಲ್ಲಿ ಗಡಿಯಾರಕ್ಕೆ ಬರೆದುಬಿಡುವುದು.

ಈ ವೇಷದೊಳಗೆ ಹಿಡಿಯುವ ಮಾಹಿತಿ ಹೆಚ್ಚಿಲ್ಲ. ಬಳಕೆದಾರರು ಕೊಡಬಹುದಾದ ಗುರುತಿಗೆ 16, ಕಡತದ ಸಾಲಿಗೆ 997, ಉಪಕರಣಕ್ಕೆ 1009 ಬೆಲೆಗಳ ಜಾಗ. ಇವುಗಳ ಗುಣಲಬ್ಧ ಸುಮಾರು 1 ಕೋಟಿ 61 ಲಕ್ಷ. ಯಂತ್ರ ಕುಸಿದ ಬಳಿಕ ಅದನ್ನು ಮತ್ತೆ ಆರಂಭಿಸಿದಾಗ ಕರ್ನಲ್ ಗಡಿಯಾರವನ್ನು ಓದಿ, ಅಂಕಿಯನ್ನು ಬಿಡಿಸಿ, ಯಾವ ಉಪಕರಣದ ಸಂಕ್ಷೇಪ ಅದಕ್ಕೆ ಹೊಂದುತ್ತದೆಂದು ತನ್ನ ದಾಖಲೆಯಲ್ಲಿ ಹೇಳುತ್ತದೆ. ಗಡಿಯಾರ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುವುದರಿಂದ, ತಡಮಾಡಿದರೆ ಬರೆದಿಟ್ಟ ಅಂಕಿಯೇ ಮುಂದೆ ಸರಿದು ಬೇರೆ ಉಪಕರಣದ ಹೆಸರಾಗಿಬಿಡುತ್ತದೆ. ಸುಮಾರು ಮೂರು ನಿಮಿಷದೊಳಗೆ ಯಂತ್ರವನ್ನು ಮರಳಿ ಆರಂಭಿಸಬೇಕೆಂಬ ನಿಯಮ ಬಂದದ್ದು ಇದರಿಂದ. ಸಾಧನ ಬಳಸಿದ ಮೇಲೆ ಯಂತ್ರದ ದಿನಾಂಕ ಅಸಂಬದ್ಧವಾಗಿರುತ್ತದೆ, ಅದನ್ನು ಕೈಯಾರೆ ಸರಿಪಡಿಸಬೇಕು. 1009 ಬೆಲೆಗಳಲ್ಲಿ ನೂರಾರು ಉಪಕರಣಗಳನ್ನು ತುಂಬುವಾಗ ಎರಡಕ್ಕೆ ಒಂದೇ ಅಂಕಿ ಬೀಳುವ ಸಾಧ್ಯತೆಯೂ ಇದೆ, ಹಾಗಾಗಿ ಸಿಕ್ಕ ಹೆಸರನ್ನು ಅಪರಾಧಿಯೆಂದಲ್ಲ, ಶಂಕಿತನೆಂದು ಪರಿಗಣಿಸಬೇಕು. ಅದರ ಡ್ರೈವರನ್ನು ಮಲಗುವ ಮೊದಲು ಇಳಿಸಿ, ಎದ್ದ ಮೇಲೆ ಏರಿಸಿ ನೋಡಿದರೆ ಶಂಕೆ ನಿಜವೋ ಸುಳ್ಳೋ ತಿಳಿಯುತ್ತದೆ.

ಇದಕ್ಕೆ ಪೂರಕವಾದ ಇನ್ನೊಂದು ವಿಧಾನ ನಿದ್ದೆಯನ್ನು ಅರ್ಧಕ್ಕೆ ನಿಲ್ಲಿಸುವುದು. ಲಿನಕ್ಸ್‌ನ ‘ಪಿಎಂ ಟೆಸ್ಟ್’ ಎಂಬ ಸೌಲಭ್ಯದಲ್ಲಿ ಆ್ಯಪ್‌ಗಳನ್ನು ಹೆಪ್ಪುಗಟ್ಟಿಸುವವರೆಗೆ, ಉಪಕರಣಗಳನ್ನು ಮಲಗಿಸುವವರೆಗೆ, ಫರ್ಮ್‌ವೇರಿನ ಸಿದ್ಧತೆಯವರೆಗೆ, ಹೆಚ್ಚುವರಿ ಪ್ರೊಸೆಸರ್‌ಗಳನ್ನು ಆರಿಸುವವರೆಗೆ ಎಂದು ಹಂತ ನಿಗದಿ ಮಾಡಿದರೆ ಯಂತ್ರ ಅಷ್ಟಕ್ಕೆ ಇಳಿದು, ಐದು ಸೆಕೆಂಡು ನಿಂತು, ಮರಳಿ ಬರುತ್ತದೆ. ಯಾವ ಹಂತದಿಂದ ಮರಳಲಾರದೋ ಅಲ್ಲಿ ದೋಷವಿದೆ.

ಇಷ್ಟೆಲ್ಲ ಸಾಧನಗಳಿದ್ದರೂ ಕೆಲವು ಪ್ರಕರಣಗಳು ವರ್ಷಗಟ್ಟಲೆ ಕಾಡಿವೆ. 2011ರ ಜುಲೈನಲ್ಲಿ ಮಾರುಕಟ್ಟೆಗೆ ಬಂದು ಆಗಸ್ಟ್‌ನಲ್ಲೇ ನಿಂತುಹೋದ ಎಚ್‌ಪಿ ಟಚ್‌ಪ್ಯಾಡಿಗೆ ಹವ್ಯಾಸಿಗಳು ಆಂಡ್ರಾಯ್ಡನ್ನು ಅಳವಡಿಸಿದಾಗ ಅದು ನಿದ್ದೆಯಿಂದ ಏಳದೆ ಹೋಗುವುದು ಎಷ್ಟು ಸಾಮಾನ್ಯವಾಯಿತೆಂದರೆ ‘ಸ್ಲೀಪ್ ಆಫ್ ಡೆತ್’, ಅಂದರೆ ನಿದ್ದೆಯಲ್ಲೇ ಸಾವು, ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಪ್ರೊಸೆಸರಿನ ಕನಿಷ್ಠ ವೇಗವನ್ನು 192 ಮೆಗಾಹರ್ಟ್ಸ್‌ನಿಂದ 384ಕ್ಕೆ ಏರಿಸಿಟ್ಟರೆ ಕಾಟ ತಗ್ಗುತ್ತದೆಂದು ಬಳಕೆದಾರರು ಕಂಡುಕೊಂಡರು. ಇದು ಪರಿಹಾರವೇ ಹೊರತು ಕಾರಣದ ವಿವರಣೆಯಲ್ಲ.

ಕಾರಣದವರೆಗೂ ಹೋಗಿ ಮುಟ್ಟಿದ ಪ್ರಕರಣವೆಂದರೆ ಇಂಟೆಲ್‌ನ ಆ್ಯಟಮ್ ಚಿಪ್ಪುಗಳದ್ದು. 2013ರಲ್ಲಿ ಬಂದ ಬೇ ಟ್ರೇಲ್ ಮತ್ತು 2015ರಲ್ಲಿ ಬಂದ ಚೆರ್ರಿ ಟ್ರೇಲ್ ಎಂಬ ಪೀಳಿಗೆಗಳ ಚಿಪ್ಪುಗಳು ಅಗ್ಗದ ಎಂಟು, ಹತ್ತು ಅಂಗುಲದ ವಿಂಡೋಸ್ ಟ್ಯಾಬ್ಲೆಟ್‌ಗಳ ಹೃದಯವಾಗಿದ್ದವು. ಅವುಗಳ ಮೇಲೆ ಲಿನಕ್ಸ್ ನಡೆಸಿದಾಗ ಯಂತ್ರ ಯಾವ ಸೂಚನೆಯೂ ಇಲ್ಲದೆ ಕಲ್ಲಾಗಿ ನಿಲ್ಲುತ್ತಿತ್ತು. ಇಲ್ಲಿ ನಿದ್ದೆಯ ಅರ್ಥವನ್ನು ಇನ್ನಷ್ಟು ಹಿಗ್ಗಿಸಿಕೊಳ್ಳಬೇಕು: ಪ್ರೊಸೆಸರ್ ಪರದೆ ಬೆಳಗಿರುವಾಗಲೂ, ಎರಡು ಅಕ್ಷರಗಳನ್ನು ಒತ್ತುವ ನಡುವಿನ ಬಿಡುವಿನಲ್ಲೂ, ಸೆಕೆಂಡಿಗೆ ನೂರಾರು ಬಾರಿ ಕಿರುನಿದ್ದೆಗೆ ಜಾರಿ ಏಳುತ್ತಿರುತ್ತದೆ. ಸಿ1, ಸಿ6, ಸಿ7 ಎಂಬ ಹೆಸರುಗಳು ಈ ಕಿರುನಿದ್ದೆಗಳ ಆಳವನ್ನು ಸೂಚಿಸುತ್ತವೆ. ಸಿ1ಕ್ಕಿಂತ ಕೆಳಗೆ ಇಳಿಯಬಾರದೆಂದು ಕರ್ನಲ್‌ಗೆ ಕಟ್ಟುಪಾಡು ಹಾಕಿದರೆ ಬಹಳಷ್ಟು ಯಂತ್ರಗಳು ಸ್ಥಿರವಾಗುತ್ತಿದ್ದವು, ಆದರೆ ಆಳದ ವಿಶ್ರಾಂತಿ ಇಲ್ಲದೆ ಬ್ಯಾಟರಿ ಬೇಗ ಬರಿದಾಗುತ್ತಿತ್ತು. ಟ್ಯಾಬ್ಲೆಟಿನಲ್ಲಿ ಇದು ಸಣ್ಣ ಬೆಲೆಯಲ್ಲ.

ಡಚ್ ಎಂಜಿನಿಯರ್ ಹಾನ್ಸ್ ಡಿ ಗೋಡೆ 2017ರಲ್ಲಿ ಇಂತಹ ಸ್ತಂಭನದ ಒಂದು ಬೇರನ್ನು ಹಿಡಿದರು. ಚೆರ್ರಿ ಟ್ರೇಲ್ ಟ್ಯಾಬ್ಲೆಟ್ ಒಂದರಲ್ಲಿ ವಿದ್ಯುತ್ ನಿರ್ವಹಣೆಯ ಚಿಪ್ಪಿನಿಂದ ಸುಮ್ಮನೆ ಮತ್ತೆ ಮತ್ತೆ ಅಂಕಿಗಳನ್ನು ಓದುತ್ತ ಹೋದರೆ ಒಂದರಿಂದ ಮೂರು ಸುತ್ತಿನ ಓದಿನೊಳಗೆ ಯಂತ್ರ ತಪ್ಪದೆ ನಿಲ್ಲುತ್ತದೆಂದು ಅವರು ಗಮನಿಸಿದರು. ಎಂದೋ ಒಮ್ಮೆ ಬರುವ ದೋಷವನ್ನು ಕರೆದಾಗ ಬರುವ ದೋಷವಾಗಿ ಪರಿವರ್ತಿಸಿದ್ದೇ ಅರ್ಧ ಗೆಲುವು. ಆ ಚಿಪ್ಪನ್ನು ತಲುಪುವುದು ಐಸ್ಕ್ವೇರ್‌ಸಿ ಎಂಬ, ಫಿಲಿಪ್ಸ್ ಸಂಸ್ಥೆ 1982ರಲ್ಲಿ ರೂಪಿಸಿದ, ಎರಡು ತಂತಿಗಳ ಬಸ್ಸಿನ ಮೂಲಕ. ಆ ಎರಡು ತಂತಿಗಳಿಗೆ ಇಲ್ಲಿ ಇಬ್ಬರು ಒಡೆಯರು: ಒಬ್ಬ ಲಿನಕ್ಸ್ ಕರ್ನಲ್, ಇನ್ನೊಬ್ಬ ಪ್ರೊಸೆಸರಿನೊಳಗೇ ಕುಳಿತು ಅದರ ವಿದ್ಯುತ್ತನ್ನು ನೋಡಿಕೊಳ್ಳುವ ಪಿ-ಯುನಿಟ್ ಎಂಬ ಪುಟ್ಟ ನಿಯಂತ್ರಕ. ಇಬ್ಬರೂ ಒಮ್ಮೆಗೇ ಬಳಸಬಾರದೆಂದು ಸೆಮಾಫೋರ್ ಎಂಬ ಒಂದು ಬೀಗವಿದೆ. ಬೀಗ ಯಾರ ಕೈಯಲ್ಲಿದೆಯೋ ಬಸ್ ಅವರದು. ಕರ್ನಲ್ ಬೀಗ ಹಿಡಿದು ಅಂಕಿ ಓದುತ್ತಿರುವಾಗಲೇ ಪ್ರೊಸೆಸರ್ ಬಿಡುವು ಸಿಕ್ಕಿತೆಂದು ಸಿ6 ಅಥವಾ ಸಿ7ರ ಆಳಕ್ಕೆ ಇಳಿಯಲು ಹೊರಟರೆ ಆ ಕ್ಷಣಕ್ಕೆ ಎಲ್ಲವೂ ಸ್ತಬ್ಧವಾಗುತ್ತಿತ್ತು. ಬೀಗ ಕೈಯಲ್ಲಿರುವಷ್ಟು ಹೊತ್ತು ಸಿ6, ಸಿ7ಕ್ಕೆ ಇಳಿಯಬಾರದೆಂಬ ಕೆಲವೇ ಸಾಲುಗಳ ತಿದ್ದುಪಡಿಯಿಂದ ಈ ದೋಷ ನಿವಾರಣೆಯಾಯಿತು. ಮೊದಲಿನ ಉಪಾಯ ಕಿರುನಿದ್ದೆಯನ್ನು ಸದಾಕಾಲ ನಿಷೇಧಿಸಿದರೆ, ಇದು ಮಿಲಿಸೆಕೆಂಡುಗಳ ಮಟ್ಟಿಗೆ ಮಾತ್ರ ತಡೆಯಿತು. ಮಾರಾಟಗಾರರು ಮರೆತುಬಿಟ್ಟ ಅಗ್ಗದ ಟ್ಯಾಬ್ಲೆಟ್‌ಗಳ ಬಾಳಿಕೆಯನ್ನು ಇಂತಹ ತಿದ್ದುಪಡಿಗಳು ಹಿಗ್ಗಿಸಿವೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ದುಬಾರಿ ಯಂತ್ರಗಳೂ ಇದರಿಂದ ಹೊರತಾಗಿರಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಸರ್ಫೇಸ್ ಪ್ರೊ 4ರ ನಿದ್ದೆಯ ತೊಂದರೆಗಳು ಬಹುಚರ್ಚಿತವಾಗಿ, 2016ರಲ್ಲಿ ಫರ್ಮ್‌ವೇರ್ ಮತ್ತು ಡ್ರೈವರ್ ಅಪ್‌ಡೇಟ್‌ಗಳ ಮೂಲಕ ಅವುಗಳನ್ನು ತಿದ್ದುವ ಪ್ರಯತ್ನ ನಡೆಯಿತು. ಬಳಕೆದಾರರು ಕಾರ್ಯಾಚರಣ ವ್ಯವಸ್ಥೆಯನ್ನು ಎಷ್ಟು ಬಾರಿ ಮರುಸ್ಥಾಪಿಸಿದರೂ ಫರ್ಮ್‌ವೇರ್ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಈ ಪ್ರಕರಣದಿಂದ ಗಮನಿಸಬಹುದು. ತಯಾರಕರು ಬಿಡುಗಡೆ ಮಾಡಿದ ಫರ್ಮ್‌ವೇರ್ ಅಪ್‌ಡೇಟನ್ನು ಹಾಕಿಕೊಂಡಿದ್ದೇವೆಯೇ ಎಂದು ನೋಡುವುದು ಆದ್ದರಿಂದ ಮೊದಲ ದಿನದ ಕೆಲಸವಾಗಬೇಕು, ಮತ್ತು ಯಂತ್ರ ಮಾರಿದ ಕೆಲ ವರ್ಷಗಳಾದರೂ ಇಂತಹ ಅಪ್‌ಡೇಟ್ ಕೊಡುವುದು ಸಂಸ್ಥೆಯ ಬಾಧ್ಯತೆಯಾಗಬೇಕು.

ತಿದ್ದುಪಡಿ ಆದಮೇಲೆ ಅದು ಫಲಿಸಿತೆಂದು ಹೇಳುವುದು ಹೇಗೆ ಎಂಬುದು ಉಳಿದ ಪ್ರಶ್ನೆ, ಮತ್ತು ಹೆಚ್ಚಿನವರು ಅವಸರಪಡುವುದು ಇಲ್ಲಿಯೇ. ಇಪ್ಪತ್ತು ಏಳುವಿಕೆಗಳಲ್ಲಿ ಒಮ್ಮೆ ಬರುವ ದೋಷವೊಂದನ್ನು ಸರಿಪಡಿಸಿದೆವೆಂದು ಭಾವಿಸಿ ಹತ್ತು ಬಾರಿ ಮಲಗಿಸಿ ಎಬ್ಬಿಸಿದಾಗ ಏನೂ ಆಗಲಿಲ್ಲ ಎಂದಿಟ್ಟುಕೊಳ್ಳೋಣ. ದೋಷ ಹಾಗೆಯೇ ಉಳಿದಿದ್ದರೂ ಹತ್ತೂ ಬಾರಿ ಸುಮ್ಮನೆ ದಾಟಿಹೋಗುವ ಸಂಭವ 0.95ರ ಹತ್ತನೆಯ ಘಾತ, ಅಂದರೆ ಸುಮಾರು 60 ಪ್ರತಿಶತ. ಇಪ್ಪತ್ತು ಬಾರಿಗೆ ಅದು 36 ಪ್ರತಿಶತಕ್ಕೆ ಇಳಿಯುತ್ತದೆ, 60 ಬಾರಿಗೆ 5 ಪ್ರತಿಶತಕ್ಕಿಂತ ಕಡಿಮೆಯಾಗುತ್ತದೆ. ಅರವತ್ತು ಬಾರಿ ಬಟನ್ ಒತ್ತುತ್ತ ಕೂರುವ ಅಗತ್ಯವಿಲ್ಲ: ಲಿನಕ್ಸ್‌ನ ‘ಆರ್‌ಟಿಸಿ ವೇಕ್’ ಎಂಬ ಸಣ್ಣ ಆದೇಶ ಅದೇ ಮಲಗದ ಗಡಿಯಾರಕ್ಕೆ ಅಲಾರಾಂ ಇಟ್ಟು ಯಂತ್ರವನ್ನು ಮಲಗಿಸುತ್ತದೆ, ಹೇಳಿದಷ್ಟು ಸೆಕೆಂಡಿನ ಬಳಿಕ ಗಡಿಯಾರ ಯಂತ್ರವನ್ನು ಎಬ್ಬಿಸುತ್ತದೆ, ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ‘ಪವರ್‌ಟೆಸ್ಟ್’ ಎಂಬ ಸಾಧನವಿದೆ. ಮೂವತ್ತು ಸೆಕೆಂಡು ನಿದ್ದೆ, ಮೂವತ್ತು ಸೆಕೆಂಡು ಎಚ್ಚರ, ಪ್ರತಿ ಬಾರಿ ಎದ್ದೊಡನೆ ಒಂದು ಕಡತದಲ್ಲಿ ಎಣಿಕೆಯ ಅಂಕಿ ಬರೆಯಬೇಕು ಎಂದು ಹೇಳಿ ರಾತ್ರಿ ಬಿಟ್ಟರೆ, ಬೆಳಗಾಗುವ ಹೊತ್ತಿಗೆ ನಾನೂರಕ್ಕೂ ಹೆಚ್ಚು ನಿದ್ದೆಗಳು ಮುಗಿದಿರುತ್ತವೆ. ಚಾರ್ಜರ್ ಚುಚ್ಚಿ ಒಂದು ರಾತ್ರಿ, ಗಂಟೆಗೊಂದರಂತೆ ಉದ್ದದ ನಿದ್ದೆಗಳನ್ನಿಟ್ಟು ಮತ್ತೊಂದು ರಾತ್ರಿ, ಚಾರ್ಜರ್ ಇಲ್ಲದೆ ಬ್ಯಾಟರಿ ತಾಳುವಷ್ಟು ಹೊತ್ತು ಇನ್ನೊಂದು ಬಾರಿ, ಹೀಗೆ ಮೂರು ವಿಧದಲ್ಲಿ ಪರೀಕ್ಷಿಸುವುದು ಒಳ್ಳೆಯ ರೂಢಿ. ಕಡತದ ಕೊನೆಯ ಸಾಲಿನಲ್ಲಿ ನಾನೂರು ದಾಟಿದ ಅಂಕಿ ಕಂಡರೆ ಆ ಡ್ರೈವರಿನ ತಿದ್ದುಪಡಿಯನ್ನು ಉಳಿಸಿಕೊಳ್ಳಬಹುದು. ಎಣಿಕೆ 37ಕ್ಕೆ ನಿಂತು ಪರದೆ ಕಪ್ಪಾಗಿದ್ದರೆ, 38ನೆಯ ಬಾರಿ ಏಳಲು ಹೊರಟಾಗ ಎಚ್ಚರವಿದ್ದದ್ದು ಯಾವುದು ಎಂಬಲ್ಲಿಂದ ಮತ್ತೆ ಆರಂಭಿಸಬೇಕು.